ಓರಗಿತ್ತಿಯ ಬಾಯಿಗೊಂದು ತುಂಡು ಕೇಕು

ನಮ್ಮ ಯಜಮಾನರಿಗೆ ನಾನು ಮಾಡಿದ್ದೆಲ್ಲವೂ ಚೆನ್ನಾಗಿರುತ್ತದೆ. ತಳ ಸೀದ ಕೇಕಿಗೂ "ಚೆನ್ನಾಗಿದೆ", ಒಳಗೆ ಹಸಿಯಿರುವ ಕೇಕಿಗೂ "ಚೆನ್ನಾಗಿದೆ". ಒಮ್ಮೆ ಬೇಕಿಂಗ್ ಪೌಡರ್ ಅಂದುಕೊಂಡು ಅಡುಗೆ ಸೋಡಾ ಸುರಿದುಬಿಟ್ಟಿದ್ದೆ. ಬಟ್ಟೆ ಸೋಪು ಕಚ್ಚಿದ ಹಾಗಿತ್ತು. ಅದನ್ನೂ ಅವರು ಪೇಪರಿನಿಂದ ಕಣ್ಣೆತ್ತದೆ ತಿಂದು ಮುಗಿಸಿ, ಪಂಚೆಗೆ ಕೈ ಒರೆಸಿಕೊಂಡು, "ಚೆನ್ನಾಗಿದೆ" ಅಂದರು. ಒಳ್ಳೆಯ ಮನುಷ್ಯ, ನಾನೇನೂ ದೂರುತ್ತಿಲ್ಲ. ಆದರೆ ಪರೀಕ್ಷೆ ಬರೆದವರನ್ನೆಲ್ಲ ಪಾಸು ಮಾಡುವ ಮೇಷ್ಟರ ಕೈಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಯಾರಿಗೆ ತಾನೇ ಸಂತೋಷವಾಗುತ್ತದೆ?

ನನಗೆ ಬೇಕಾಗಿದ್ದದ್ದು ಬೇರೊಬ್ಬರ ಬಾಯಿಂದ ಆ ಮಾತು. ಯಜಮಾನರ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ನಾವಿರುವ ಗುಂಡ್ಲುಪೇಟೆಯಿಂದ ಸ್ವಲ್ಪ ದೂರದ ಬೇಗೂರಿನಲ್ಲಿರುತ್ತಾರೆ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಅವರ ಕೈಯಡುಗೆ ತಿಂದವರು ಬೇರೆ ಮನೆಯಲ್ಲಿ ಊಟಕ್ಕೆ ಕೂತಾಗ ಸ್ವಲ್ಪ ಹೊತ್ತು ಮಂಕಾಗಿರುತ್ತಾರೆ. ಈ ಅಕ್ಕ ನಾನು ಮದುವೆಯಾಗಿ ಬಂದ ದಿನದಿಂದ ಇಲ್ಲಿಯವರೆಗೆ ನನ್ನ ಕೇಕನ್ನು ಚೆನ್ನಾಗಿದೆ ಅಂದವರೂ ಅಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಯಾಕೆಂದರೆ ಅವರು ಅದನ್ನು ಬಾಯಿಗೇ ಇಟ್ಟವರಲ್ಲ.

ನನ್ನ ತವರು ಚಾಮರಾಜನಗರ. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಮಗಳು ಇಂಗ್ಲಿಷ್ ಕಲಿಯಲಿ ಎಂಬ ಆಸೆಗೆ ಮೈಸೂರಿನ ಕಾನ್ವೆಂಟಿನಲ್ಲಿ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ನಾನು ಎಷ್ಟು ಇಂಗ್ಲಿಷ್ ಕಲಿತೆನೋ ಗೊತ್ತಿಲ್ಲ, ಅಡುಗೆಮನೆಯ ದಪ್ಪ ಸಿಸ್ಟರ್ ಹತ್ತಿರ ಬೇಕಿಂಗ್ ಮಾತ್ರ ಚೆನ್ನಾಗಿ ಕಲಿತೆ. ಶನಿವಾರ ಮಧ್ಯಾಹ್ನ ಅವರ ಓವನ್ನಿನಿಂದ ಬೆಣ್ಣೆ, ಸಕ್ಕರೆ, ವೆನಿಲಾ ಮೂರೂ ಸೇರಿದ ಒಂದು ಪರಿಮಳ ಕಾರಿಡಾರಿನ ಉದ್ದಕ್ಕೂ ಬರುತ್ತಿತ್ತು. ಅಮ್ಮನನ್ನು ನೆನೆದು ಅಳುತ್ತಿದ್ದ ಚಿಕ್ಕ ಹುಡುಗಿಯರೂ ಆ ಹೊತ್ತಿಗೆ ಅಳು ನಿಲ್ಲಿಸಿ ಮೂಗೆತ್ತುತ್ತಿದ್ದರು. ಶಾಲೆ ಬಿಡುವಾಗ ಸಿಸ್ಟರ್ ತಮ್ಮ ಹಳೆಯ ಕುಕ್‌ಬುಕ್ ಒಂದನ್ನು ನನಗೆ ಕೊಟ್ಟರು. ರಟ್ಟು ಕಿತ್ತುಹೋಗಿದೆ, ಪುಟಗಳಿಗೆ ಬೆಣ್ಣೆಯ ಜಿಡ್ಡು ಹಿಡಿದಿದೆ, ಆದರೂ ಇವತ್ತಿಗೂ ನನಗೆ ಅದೇ ಪ್ರಮಾಣ.

ಅದು ಯಾರೋ ದೊರೆಸಾನಿ ಬರೆದ ಪುಸ್ತಕ. ಬೆಣ್ಣೆ "ರೂಮ್ ಟೆಂಪರೇಚರ್"ನಲ್ಲಿರಬೇಕು ಅನ್ನುತ್ತದೆ. ಯಾವ ದೇಶದ ರೂಮು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಗುಂಡ್ಲುಪೇಟೆಯ ರೂಮಿನಲ್ಲಿ ಬೆಣ್ಣೆ ಇಟ್ಟು ಫೋನ್ ತೆಗೆದುಕೊಳ್ಳಲು ಹೋಗಿ ಬಂದರೆ ಅದು ಬೆಣ್ಣೆಯಾಗಿರುವುದಿಲ್ಲ, ದೀಪಕ್ಕೆ ಹಾಕಬಹುದು.

ಮದುವೆಯಾದ ಹೊಸತರಲ್ಲಿ ನಾವೆಲ್ಲ ಬೇಗೂರಿನ ಒಂದೇ ಮನೆಯಲ್ಲಿದ್ದೆವು. ಓವನ್ ಎಲ್ಲಿಂದ ಬರಬೇಕು? ಬಾಣಲೆಗೆ ಮರಳು ತುಂಬಿ, ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ, ಹೊಗೆಯಲ್ಲಿ ಅರ್ಧ ಕುರುಡಾಗಿ ನಾನೊಂದು ಕೇಕು ಮಾಡಿದೆ. ನಿಜಕ್ಕೂ ಚೆನ್ನಾಗಿ ಬಂದಿತ್ತು. ತಟ್ಟೆಯಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಅಕ್ಕನ ಮುಂದೆ ಹಿಡಿದೆ. ಅವರು ಕೇಕು ನೋಡಿದರು, ನನ್ನ ಮುಖ ನೋಡಿದರು, ಗಾಬರಿಯಾಗಿ ಕೇಳಿದರು.

"ಯಾರ್ಗಮ್ಮಿ ಜರ ಬಂದಿರದು?"

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಮ್ಮ ಕಡೆ ಬ್ರೆಡ್ಡು, ಬನ್ನು, ರಸ್ಕು ಇವೆಲ್ಲ ಕಾಯಿಲೆಯವರ ಆಹಾರ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಒಂದು ಪೌಂಡು ಬ್ರೆಡ್ಡು ಒಯ್ಯುತ್ತಾರೆ. ಮೈಯಲ್ಲಿ ಶಕ್ತಿಯಿರುವವರು ಮುದ್ದೆ ತಿನ್ನುತ್ತಾರೆ. ಬೇಕರಿಯ ವಾಸನೆ ಬರುವ ಯಾವುದನ್ನೇ ಆಗಲಿ ಆರೋಗ್ಯವಂತರ ಮುಂದೆ ಹಿಡಿಯುವುದು ಅವರಿಗೆ ಥರ್ಮಾಮೀಟರ್ ಹಿಡಿದ ಹಾಗೆ.

ಜ್ವರ ಯಾರಿಗೂ ಇಲ್ಲ, ಸುಮ್ಮನೆ ತಿನ್ನುವುದಕ್ಕೆ, ಮೊಟ್ಟೆ, ಸಕ್ಕರೆ, ಮೈದಾ ಹಾಕಿದ್ದೇನೆ ಅಂದೆ. ಅದು ಇನ್ನೂ ಕೆಟ್ಟಿತು.

"ಮೊಟ್ಟೆಗೆ ಸಕ್ರೆ ಆಕ್ತರಾ ಯಾರಾರ? ಮೊಟ್ಟೆಗೆ ಉಪ್ಪು ಕಾರ ಕಣಮ್ಮಿ. ನಿಮ್ ಕಾನ್ವೆಂಟಲ್ಲಿ ಏಳ್ಕೊಡ್ನಿಲ್ವಾ?"

ಅಲ್ಲಿಗೆ ಮುಗಿಯಿತು. ನಾವು ಗುಂಡ್ಲುಪೇಟೆಗೆ ಮನೆ ಮಾಡಿಕೊಂಡು ಬಂದಮೇಲೂ, ಸೊಸೆ ನನಗೊಂದು ಓಟಿಜಿ ಓವನ್ ತಂದುಕೊಟ್ಟಮೇಲೂ, ಪ್ರತಿ ಹಬ್ಬಕ್ಕೆ ನಾನು ಬೇಗೂರಿಗೆ ಒಂದು ಡಬ್ಬಿ ಕುಕೀಸೋ ಕೇಕೋ ಕಳಿಸುತ್ತಿದ್ದೆ. ಅಕ್ಕ ಅದನ್ನು ಮರ್ಯಾದೆಯಿಂದ ಇಳಿಸಿಕೊಂಡು, ಊರಿನಲ್ಲಿ ಯಾರು ಮಲಗಿದ್ದಾರೆ ಅಂತ ವಿಚಾರಿಸಿ, ಅವರ ಮನೆಗೆ ಕಳಿಸಿಬಿಡುತ್ತಿದ್ದರು. "ನಿನ್ ಬಿಸ್ಕತ್ತು ತಿಂದು ಮೂಲೆಮನೆ ಅಜ್ಜಿ ಎದ್ದು ಕೂತ್ಕಂತು" ಅಂತ ಒಮ್ಮೆ ಫೋನಿನಲ್ಲಿ ಹೇಳಿದರು. ಹೊಗಳಿದ್ದೇ ಇರಬೇಕು.

ಮೊನ್ನೆ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಚಾಮರಾಜನಗರದಲ್ಲಿ ಆಪರೇಷನ್. ಕಾರಿನಲ್ಲಿ ಹಿಂತಿರುಗುವಾಗ ನಮ್ಮ ಹಳೆಯ ಬೀದಿಯ ಮುಂದೆ ಹಾದುಬಂದೆವು. ಅಪ್ಪ ಜಗಲಿಯಲ್ಲಿ ಕೂತು ಆ ಕಾಲದ ಹೆರಾಲ್ಡ್ ಕಾರು ಕೊಳ್ಳುವ ಕನಸು ಕಾಣುತ್ತಿದ್ದ ಮನೆ ಈಗ ಮೊಬೈಲ್ ಅಂಗಡಿ. ಹೊರಗೆ ತೂಗುಹಾಕಿದ್ದ ಬಣ್ಣಬಣ್ಣದ ಕವರುಗಳನ್ನು ನೋಡುತ್ತಾ ನನ್ನ ಕಣ್ಣು ಸ್ವಲ್ಪ ತೇವವಾಯಿತು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅಕ್ಕ, "ಆಪರೇಸನ್ ನಂಗೆ, ನೀರು ನಿನ್ ಕಣ್ಣಲ್ಲಿ" ಅಂದರು.

ಡಾಕ್ಟರು ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು, ಹೊಗೆಯಂತೂ ಕೂಡದೇ ಕೂಡದು ಅಂದಿದ್ದರು. ಬೇಗೂರಿನ ಮನೆಯಲ್ಲಿ ಇವತ್ತಿಗೂ ಸೌದೆ ಒಲೆ. ಅಲ್ಲಿ ಬಿಟ್ಟರೆ ಅಕ್ಕ ಡ್ರಾಪ್ಸ್ ಹಾಕಿಸಿಕೊಂಡ ಮರುಗಳಿಗೆ ಊದುಗೊಳವೆ ಹಿಡಿಯುವವರು. ಹಾಗಾಗಿ ಗುಂಡ್ಲುಪೇಟೆಗೆ, ನಮ್ಮ ಮನೆಗೇ ಕರೆತಂದೆವು. ನನಗೆ ಒಳಗೊಳಗೇ ಹಿಗ್ಗು. ಇನ್ನು ಕೆಲವು ದಿನ ಅಕ್ಕ ನನ್ನ ಸೂರಿನಡಿ, ನನ್ನ ಓವನ್ನಿನ ಪಕ್ಕದಲ್ಲಿ ಇರುತ್ತಾರೆ. ಈ ಸಲ ಅವರಿಗೆ ನನ್ನ ಕೇಕು ತಿನ್ನಿಸಿ, ಚೆನ್ನಾಗಿದೆ ಅನ್ನಿಸಿಕೊಳ್ಳದೆ ಊರಿಗೆ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಇಷ್ಟು ವಯಸ್ಸಾಗಿದೆ, ಇಬ್ಬರಲ್ಲಿ ಯಾರು ಎಷ್ಟು ದಿನವೋ.

ಆದರೆ ನೋಡಲು ಬಂದ ನೆಂಟರು ನನ್ನ ಪ್ಲಾನಿಗೆ ಕಲ್ಲು ಹಾಕಿದರು. ಬಂದವರೆಲ್ಲ ಬ್ರೆಡ್ಡು ತಂದರು. ಊಟದ ಮೇಜಿನ ಮೇಲೆ ಬ್ರೆಡ್ಡಿನ ಗೋಡೆಯೇ ಎದ್ದಿತು. ಒಂದೊಂದು ಪೌಂಡು ಬಂದಾಗಲೂ ಅಕ್ಕನ ಸಿಟ್ಟು ಒಂದೊಂದು ಮೆಟ್ಟಿಲು ಏರುತ್ತಿತ್ತು.

"ಕಣ್ಣಲ್ವಾ ಕುಯ್ಸಿರದು? ಒಟ್ಟೆಗೇನಾಗದೆ ನಂಗೆ? ಅನ್ನ ಸಾರು ಉಣ್ಣಕ್ಕೆ ಕಣ್ಣು ಬೇಕಾ? ಕತ್ಲಲ್ಲೂ ಬಾಯಿಗೇ ಓಯ್ತದೆ ಕೈಯಿ!"

ಇಂಥ ಹೊತ್ತಿನಲ್ಲಿ ನಾನು ಬಟರ್ ಕುಕೀಸ್ ತಟ್ಟೆ ಹಿಡಿದುಕೊಂಡು ಹೋದರೆ ಏನಾಗಬೇಕು? ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು. "ನೀನೂ ಸುರು ಅಚ್ಕಂಡ್ಯಾ?" ಅಂದರು. ತಟ್ಟೆಯನ್ನು ಹಾಗೇ ತಿರುಗಿಸಿ ಯಜಮಾನರ ಮುಂದಿಟ್ಟೆ. "ಚೆನ್ನಾಗಿದೆ" ಅಂದರು.

ಸರಿ, ಕುಕೀಸ್ ಬೇಡ, ಕೇಕೇ ಮಾಡೋಣ, ಅಕ್ಕನ ಕಣ್ಣೆದುರಿಗೇ ಮಾಡೋಣ, ಓವನ್ನಿನೊಳಗೆ ಉಬ್ಬುವುದನ್ನು ಒಂದು ಸಲ ನೋಡಿದರೆ ಯಾರ ಮನಸ್ಸಾದರೂ ಕರಗುತ್ತದೆ ಅಂತ ಯೋಚಿಸಿದೆ. ಸಿಸ್ಟರ್ ಕಲಿಸಿದ ಪೌಂಡ್ ಕೇಕ್. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕೂ ಒಂದೇ ತೂಕ. ಅಕ್ಕ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೈಗೆ ಕೆಲಸವಿಲ್ಲದಿದ್ದರೆ ಬಾಯಿಗೆ ಕೆಲಸ ಬರುತ್ತದಲ್ಲ.

"ಇಷ್ಟು ಬೆಣ್ಣೆಗೆ ನಾನು ಒಂದು ಮದ್ವೆ ಮಾಡ್ಬುಡ್ತಿದ್ದೆ."

"ಅಕ್ಕ, ಪುಸ್ತಕದಲ್ಲಿ ಇಷ್ಟೇ ಹೇಳಿದ್ದಾರೆ."

"ಪುಸ್ತ್ಕದೋರ್ಗೇನು, ಅವ್ರ ಮನೆ ಅಸಾ ಕೊಟ್ಟ ಬೆಣ್ಣೆನಾ ಅದು?"

ಕೇಕು ಒಳಗೆ ಹೋಯಿತು. ಹೈವೇಯಲ್ಲಿ ಈರುಳ್ಳಿ ಲಾರಿ ಹೋದಾಗಲೆಲ್ಲ ನಮ್ಮ ಕಿಟಕಿ ಗಾಜು ನಡುಗುತ್ತದೆ. ನಾನು ಕೇಕೂ ನಡುಗುತ್ತದೇನೋ ಎಂದು ಉಸಿರು ಹಿಡಿದು ನಿಂತಿದ್ದೆ. ನಿಧಾನವಾಗಿ ಏಳತೊಡಗಿತು. ಅಕ್ಕ ಓವನ್ನಿನ ಗಾಜಿನ ಕಡೆ ಕತ್ತು ಚಾಚಿದರು. ಆಗ ಬಾಗಿಲು ತಟ್ಟಿದ ಸದ್ದು.

ಅಕ್ಕನ ತಮ್ಮ. ಪುಣಜನೂರಿನಿಂದ ಬಸ್ಸು ಬದಲಿಸಿ ಬಂದಿದ್ದರು. ಕಂಕುಳಲ್ಲಿ ಬ್ರೆಡ್ಡು. ಕಾಡಿನಂಚಿನಲ್ಲಿ ಹೊಲ ಮಾಡುವ ಮನುಷ್ಯ, ಆನೆಯನ್ನು ಓಡಿಸಿದ ಗಂಟಲು. ಅಕ್ಕನನ್ನು ಮಾತಾಡಿಸುವ ಮೊದಲೇ ಮೂಗು ಅವರನ್ನು ಅಡುಗೆಮನೆಗೆ ಎಳೆದುಕೊಂಡು ಬಂತು.

"ಏನ್ ಚಿಕ್ಕಕ್ಕಾರೇ, ಗಮ್ ಅಂತಾದೆ! ಅಯ್ಯಯ್ಯಯ್ಯೋ, ಎಷ್ಟು ಚೆಂದಾಗಿ ಉಬ್ಬತಾ ಅದೆ ನೋಡಕ್ಕಾ!" ಅಂದವರೇ, ನಾನು ಬೇಡ ಅನ್ನುವಷ್ಟರಲ್ಲಿ ಓವನ್ನಿನ ಬಾಗಿಲು ತೆರೆದು ತಲೆಯನ್ನೇ ಒಳಗಿಟ್ಟರು.

ಬಾಗಿಲು ತೆರೆದರೆ ಕೇಕು ಕೂತುಬಿಡುತ್ತದೆ ಅಂತ ಪುಸ್ತಕ ದಪ್ಪ ಅಕ್ಷರದಲ್ಲಿ ಹೇಳಿದೆ. ಕೂತಿತು. ನಡುವೆ ಒಂದು ಗುಂಡಿ ಬಿದ್ದು, ಅಂಚು ಮಾತ್ರ ಎದ್ದು, ಹೊರಗೆ ತೆಗೆದಾಗ ಮಳೆ ನಿಂತ ಮೇಲಿನ ಹೈವೇ ಹಾಗೆ ಕಾಣುತ್ತಿತ್ತು.

"ಇದೇನಕ್ಕ, ದ್ವಾಸೆನಾ?" ಅಂತ ಅಕ್ಕನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದ್ಕಾ ಇಷ್ಟು ಅಡಾವುಡಿ?"

ನಾನು ಕೇಕಿನ ಮೇಲೆ ಬಟ್ಟೆ ಮುಚ್ಚಿದೆ. ಅಕ್ಕ ಸುಮ್ಮನಿರಲಿಲ್ಲ.

"ಏನ್ಲಾ ನಗದು? ನಮ್ಮನೆ ಪದಾರ್ತ ನೋಡಿ ನಗ್ತೀಯಾ? ಚೆನ್ನಾಗೇ ಏಳ್ತಿತ್ತು ಕಣ್ಲಾ. ನೀನು ಬಂದು ಕಣ್ಣಾಕ್ದೆ, ಬಿದ್ದೋಯ್ತು. ನಿನ್ ಕಣ್ಣು ಚಿಕ್ಕುಡ್ಗನಿಂದ್ಲೂ ಇಂಗೇಯ. ನೀನು ನೋಡಿದ್ ಎಮ್ಮೆ ಆಲು ಕೊಡ್ತಿರ್ನಿಲ್ಲ."

ಅವರು ಅದನ್ನು ನಮ್ಮನೆ ಪದಾರ್ಥ ಅಂದದ್ದು ಅದೇ ಮೊದಲು. ಕೇಕು ಹಾಳಾದ ದುಃಖದಲ್ಲೂ ನನಗೆ ಅದು ಕೇಳಿಸಿತು.

ತಮ್ಮನವರು ಕಾಫಿ ಕುಡಿದು ಹೋದಮೇಲೆ ಅಕ್ಕ ನನ್ನನ್ನು ಕರೆದು ಆಜ್ಞೆ ಮಾಡಿದರು. ಓವನ್ನಿಗೆ ದೃಷ್ಟಿ ತೆಗೆಯಬೇಕು. ಹೊಗೆ ಅವರಿಗೆ ಆಗದು, ಆದ್ದರಿಂದ ನಾನೇ ತೆಗೆಯಬೇಕು. ಅವರು ಹೊರಗೆ ಜಗಲಿಯಲ್ಲಿ ಕೂತು ಕಿಟಕಿಯಿಂದ ಹೇಳಿಕೊಡುತ್ತಾರೆ.

ಬಾಗಿಲು ತೆರೆದದ್ದೇ ಕಾರಣ ಅಂತ ನನಗೆ ಗೊತ್ತಿತ್ತು. "ಅಕ್ಕ, ಇದು ಸೈನ್ಸು" ಅಂದೆ.

"ಆಯ್ತು, ಸೈನ್ಸ್‌ಗೂ ತೆಗಿ" ಅಂದರು.

ಹೀಗಾಗಿ ನಾನು, ಮೈಸೂರಿನ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಬಹುಮಾನ ಪಡೆದವಳು, ಬಲಗೈಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡು ಓಟಿಜಿಯ ಸುತ್ತ ಕೈ ಸುತ್ತಿಸಿದೆ. "ಆ ಕಡೆಯಿಂದ ಅಲ್ಲ, ಈ ಕಡೆಯಿಂದ! ಪ್ಲಗ್ಗಿಗೂ ಸುತ್ತಿಸು! ಕರೆಂಟು ಅಲ್ಲಿಂದ ತಾನೆ ಬರದು!" ಅಂತ ಕಿಟಕಿಯಿಂದ ಡೈರೆಕ್ಷನ್. ಎಲ್ಲವನ್ನೂ ಗ್ಯಾಸಿನ ಉರಿಗೆ ಹಾಕಿದೆ. ಘಾಟು ಎದ್ದಿತು. ನಾನು ಕೆಮ್ಮಿದೆ, ಯಜಮಾನರು ಪೇಪರ್ ಬಿಸಾಕಿ ಕೆಮ್ಮುತ್ತಾ ರಸ್ತೆಗೆ ಓಡಿದರು, ಪಕ್ಕದ ಮನೆಯವರೂ ಕೆಮ್ಮಿ ಕಿಟಕಿ ಹಾಕಿಕೊಂಡರು.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ನಾನು ಕಣ್ಣೊರೆಸಿಕೊಂಡು ಸ್ವಲ್ಪ ಜಂಬದಿಂದಲೇ ಕೇಳಿದೆ. "ಇಷ್ಟೊಂದು ಘಾಟು ಬಂತಲ್ಲ ಅಕ್ಕ, ಹಾಗಾದರೆ ದೃಷ್ಟಿಯಾಗಿರಲಿಲ್ಲ ಅಂತ ತಾನೆ?"

ಅಕ್ಕ ಒಂದು ಕ್ಷಣವೂ ತಡಮಾಡಲಿಲ್ಲ. "ಗ್ಯಾಸಲ್ಲಿ ಗೊತ್ತಾಗಕಿಲ್ಲ ಕಣಮ್ಮಿ. ಅದು ಸೌದೆ ಒಲೇಲೇ ಆಗ್ಬೇಕು."

ಮರುದಿನ ಅವರಾಗಿಯೇ ಕೇಳಿದರು. "ಇನ್ನೊಂದ್ ದಪ ಮಾಡ್ನೋಡನ?" ಅವತ್ತು ಸೋಮವಾರ, ಮೊಟ್ಟೆ ಮುಟ್ಟುವುದಿಲ್ಲ ಅಂದದ್ದೂ ಅವರೇ, ಮಂಗಳವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿರುವಾಗ "ಬೆಣ್ಣೆ ಈಚ್ಗೆ ಮಡಗಿದ್ದೀಯಾ?" ಅಂದದ್ದೂ ಅವರೇ. ಓವನ್ನಿನ ಮೂಲೆಗೆ ಕಾಡಿಗೆಯ ಒಂದು ಬೊಟ್ಟು ಇಡಿಸಿದರು. ಕೇಕು ಒಳಗೆ ಹೋದಮೇಲೆ ಯಜಮಾನರ ದೊಡ್ಡ ಕರಿ ಕೊಡೆ ತರಿಸಿ, ಬಿಚ್ಚಿಸಿ, ಯಾರ ಕಣ್ಣೂ ಬೀಳದ ಹಾಗೆ ಓವನ್ನಿನ ಮುಂದೆ ನೆಲದ ಮೇಲೆ ನಿಲ್ಲಿಸಿದರು. ಅದರ ಪಕ್ಕ ಕುರ್ಚಿ ಹಾಕಿಕೊಂಡು, ಕಪ್ಪು ಕನ್ನಡಕದಲ್ಲಿ, ಮಂತ್ರಿಯ ಸೆಕ್ಯುರಿಟಿಯವರ ಹಾಗೆ ಕೂತರು. ನನ್ನ ಕೇಕು, ನನ್ನ ಓವನ್ನು. ನಾನೇ ನೋಡುವ ಹಾಗಿಲ್ಲ.

"ಅಕ್ಕ, ಬಣ್ಣ ಬಂದಿದೆಯಾ ನೋಡಬೇಕು."

"ಮೂಗಿಲ್ವಾ ನಿಂಗೆ? ಮೂಸು."

ಮೂಸಿದೆ. ಕಾರಿಡಾರಿನ ಆ ಪರಿಮಳ ಬಂತು. ಸಿಸ್ಟರ್ ತಮ್ಮ ಬಿಳಿ ತೋಳು ಮಡಿಸಿಕೊಂಡು ಪಕ್ಕದಲ್ಲೇ ನಿಂತ ಹಾಗಾಯಿತು. ಅವರು ಈ ಕೊಡೆಯನ್ನು ನೋಡಿದ್ದರೆ ಏನನ್ನುತ್ತಿದ್ದರೋ. ನಗುತ್ತಿದ್ದರು ಅನ್ನಿಸುತ್ತದೆ, ಅವರ ದಪ್ಪ ಹೊಟ್ಟೆ ಏಪ್ರನ್ನಿನೊಳಗೆ ಕುಲುಕುವ ಹಾಗೆ.

ಕೇಕು ಹೊರಗೆ ಬಂತು. ನಾನು ಮಾಡಿದ ಕೇಕುಗಳಲ್ಲೆಲ್ಲ ಅಷ್ಟು ಎತ್ತರ ಬೇರೆ ಯಾವುದೂ ಎದ್ದಿರಲಿಲ್ಲ. ನಡುವೆ ತೆಳ್ಳಗೆ ಒಂದು ಬಿರುಕು, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಬೆಂದಿದೆಯಾ ಅಂತ ಕಡ್ಡಿ ಚುಚ್ಚಲು ಹೋದರೆ ಅಕ್ಕ ಕೈ ಹಿಡಿದರು. "ಅದ್ರ ಪಾಡಿಗೆ ಅದು ಕೂತದೆ, ಚುಚ್ಚಬ್ಯಾಡ." ಚುಚ್ಚಲಿಲ್ಲ. ಒಂದು ತುಂಡು ಕತ್ತರಿಸಿ ಕೊಡಲೇ ಅಂದೆ.

"ಈಗ್ಬ್ಯಾಡ. ಆರ್ಲಿ" ಅಂದರು. ಆ ಮಾತಿನ ಧಾಟಿ ನನಗೆ ಗೊತ್ತು. ಬೇಗೂರಿಗೆ ಡಬ್ಬಿ ಕಳಿಸಿದಾಗಲೆಲ್ಲ "ಆಮ್ಯಾಕೆ ತಿಂತೀನಿ ಬುಡು" ಅನ್ನುತ್ತಿದ್ದ ಧಾಟಿ. ಊರಲ್ಲಿ ಯಾರಿಗೋ ಜ್ವರ ಬಂದಿರಬೇಕು, ಅವರಿಗೆ ಕಟ್ಟಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ಹೀಗೆ ಕೊಡೆ ಹಿಡಿದು ಕಾಪಾಡಿದ್ದೂ ತಮ್ಮನ ಮೇಲಿನ ಹಟಕ್ಕೇ ಇರಬೇಕು. ಬೇಸರದಲ್ಲಿ ಚಪ್ಪಲಿ ಮೆಟ್ಟಿಕೊಂಡು, ಮುಗಿದಿದ್ದ ಕಣ್ಣಿನ ಡ್ರಾಪ್ಸ್ ತರಲು ಮೆಡಿಕಲ್ ಸ್ಟೋರಿಗೆ ಹೊರಟೆ.

ಹಿಂತಿರುಗುವಾಗ ಗೇಟಿನಲ್ಲೇ ಸಿಕ್ಕಿದ್ದು ಪುಣಜನೂರಿನ ತಮ್ಮ. ಯಾವುದೋ ಕೆಲಸಕ್ಕೆ ಪೇಟೆಗೆ ಬಂದವರು ಅಕ್ಕನನ್ನು ನೋಡಿಕೊಂಡು ಹೋಗೋಣ ಅಂತ ಬಂದಿದ್ದರು. ಇಬ್ಬರೂ ಒಟ್ಟಿಗೇ ಒಳಗೆ ಹೋದೆವು. ಅಕ್ಕ ನಡುಮನೆಯ ಮಂಚದ ಮೇಲೆ ಕೂತಿದ್ದರು. ಯಜಮಾನರು ಎದುರಿಗೆ ಪೇಪರಿನ ಹಿಂದೆ. ನಾನು ಅಡುಗೆಮನೆಗೆ ಇಣುಕಿದೆ. ಕಟ್ಟೆ ಖಾಲಿ. ತಟ್ಟೆಯೂ ಇಲ್ಲ, ಕೇಕೂ ಇಲ್ಲ.

"ಅಕ್ಕಾ, ಇವತ್ತು ಎದ್ದದಾ ನಿಮ್ ದ್ವಾಸೆ?" ಅಂತ ತಮ್ಮ ನಗುತ್ತಾ ಕೂತರು.

"ಎದ್ದಿತ್ತು ಕಣ್ಲಾ. ಮುಗ್ದೋಯ್ತು."

"ಇಷ್ಟು ಬಿರ್ರನಾ? ಯಾರ್ ತಿಂದ್ರು?"

"ಬಂದೋರೆಲ್ಲ ತಿಂದ್ರು."

ಆ ಬೆಳಿಗ್ಗೆ ನಮ್ಮ ಮನೆಗೆ ಹಾಲಿನವನ ಹೊರತು ಯಾರೂ ಬಂದಿರಲಿಲ್ಲ. ಯಜಮಾನರು ಪೇಪರ್ ಇಳಿಸಿ, ಸತ್ಯ ನುಡಿಯುವುದಕ್ಕೆ ಬಾಯಿ ತೆರೆದರು. ಕಪ್ಪು ಕನ್ನಡಕ ನಿಧಾನವಾಗಿ ಅವರ ಕಡೆ ತಿರುಗಿತು. ಪೇಪರ್ ಮತ್ತೆ ಮೇಲೇರಿತು.

ತಮ್ಮನವರು ಮೂಗರಳಿಸಿದರು. "ವಾಸ್ನೆ ಬತ್ತಾ ಅದಲ್ಲಕ್ಕಾ, ಇಲ್ಲೇ ಎಲ್ಲೋ?"

"ವಾಸ್ನೆ ಅಷ್ಟೇಯ ಉಳ್ದಿರದು" ಅಂದರು ಅಕ್ಕ, ಕದಲದೆ.

ಪಾಪ, ಅಕ್ಕನ ತಮ್ಮ ನಾನು ಕೊಟ್ಟ ಕಾಫಿ, ಚಕ್ಕುಲಿ ಮುಗಿಸಿ, ಮೂಲೆಮೂಲೆಗೂ ಮೂಗು ಆಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಗೇಟಿನ ಚಿಲಕ ಬಿದ್ದ ಸದ್ದು ಕೇಳುವವರೆಗೆ ಅಕ್ಕ ಮಿಸುಕಲಿಲ್ಲ. ಆಮೇಲೆ ಬೆನ್ನಿನ ಹಿಂದೆ ಮಡಿಸಿಟ್ಟಿದ್ದ ಕಂಬಳಿಯೊಳಗೆ ಕೈ ಹಾಕಿ, ನನ್ನ ದೊಡ್ಡ ಸ್ಟೀಲ್ ಡಬ್ಬಿಯನ್ನು ಮಗು ಎತ್ತಿಕೊಂಡ ಹಾಗೆ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಚ್ಚಳ ತೆಗೆದರು. ಕೇಕಿನ ಒಂದು ಕಡೆ ಆಗಲೇ ಇರಲಿಲ್ಲ. ಚಾಕುವಿನಿಂದ ಕತ್ತರಿಸಿದ್ದಲ್ಲ, ಬೆರಳಲ್ಲಿ ಮುರಿದದ್ದು, ಒಂದು ಸಲವಲ್ಲ, ಹಲವು ಸಲ.

ಅಕ್ಕನ ಕೆಳಗಿನ ತುಟಿಯ ಹತ್ತಿರ ಒಂದು ಚೂರು ಅಂಟಿತ್ತು.

ಅವರು ಇನ್ನೊಂದು ತುಂಡು ಮುರಿದರು. ನನ್ನ ಕೈಗೆ ಬರಬಹುದು ಅಂತ ಕೈ ಮುಂದೆ ಮಾಡಿದೆ. ಅದು ನೇರವಾಗಿ ಅವರ ಬಾಯಿಗೇ ಹೋಯಿತು.

ನಾನು ಮಂಚದ ಅಂಚಿನಲ್ಲಿ ಕೂತೆ. ಇಷ್ಟು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಆದಷ್ಟು ಸಲೀಸಾಗಿ, ಹವಾಮಾನ ವಿಚಾರಿಸುವವಳ ಹಾಗೆ ಕೇಳಿದೆ.

"ಅಕ್ಕ, ಹೇಗಿದೆ? ಚೆನ್ನಾಗಿದೆಯಾ?"

ಪೇಪರಿನ ಹಿಂದಿನಿಂದ ಯಜಮಾನರು, ಅವರಿಗೆ ಇನ್ನೂ ಒಂದು ಚೂರೂ ಸಿಕ್ಕಿರಲಿಲ್ಲ, "ಚೆನ್ನಾಗಿದೆ" ಅಂದರು.

"ಸುಮ್ಕಿರಮ್ಮಿ" ಅಂದರು ಅಕ್ಕ, ಬಾಯಿ ತುಂಬಿಕೊಂಡು. "ತಿನ್ನೋವಾಗ ಮಾತಾಡಿಸ್ಬ್ಯಾಡ."